ಬೆಂಪೂರಿನ ಎರಡು ಕಲ್ಲುಗಳು

ರಾಜಧಾನಿಯ ನೆರಳಿನಲ್ಲಿ ಬೆಳೆದ ಗ್ರಾಮಗಳ ಇತಿಹಾಸವನ್ನು ರಾಜಧಾನಿಯ ಇತಿಹಾಸದ ಅನುಬಂಧವೆಂದೇ ಭಾವಿಸುವುದು ವಾಡಿಕೆ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ವಿಷಯದಲ್ಲಿ ಈ ಭಾವನೆ ತಲೆಕೆಳಗಾಗುತ್ತದೆ. 1537ರಲ್ಲಿ ಕೆಂಪೇಗೌಡನು ಕೋಟೆಯನ್ನು ಕಟ್ಟಿಸುವುದಕ್ಕೆ ಆರು ಶತಮಾನಗಳಿಗೂ ಮುನ್ನವೇ ಇದು ಬೆಂಪೂರೆಂಬ ಹೆಸರಿನಿಂದ ಹನ್ನೆರಡು ಹಳ್ಳಿಗಳ ಒಂದು ನಾಡಿಗೆ ಮುಖ್ಯಸ್ಥಳವಾಗಿತ್ತು. ತಮಿಳು ಶಾಸನಗಳಲ್ಲಿ ಇದೇ ವೇಪ್ಪೂರು.

ಇಲ್ಲಿಯ ಎರಡು ವೀರಗಲ್ಲುಗಳು ಪ್ರಸಿದ್ಧವಾದವು. ಒಂದು, ಸುಮಾರು ಕ್ರಿ.ಶ. 890ರ ದೊಡ್ಡ ಕಲ್ಲು. ಅಯ್ಯಪದೇವನ ನೆರವಿಗೆಂದು ಗಂಗ ದೊರೆ ಎರೆಯಪ್ಪನು ಕಳುಹಿಸಿದ ನಾಗತ್ತರನು, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ಆನೆಗಳ ನಡುವೆ ಮಡಿದ ವೃತ್ತಾಂತ ಇದರಲ್ಲಿದೆ. ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟರೆಂದು ಹಳ್ಳಿಗಳ ಹೆಸರುಸಹಿತ ಬರೆದಿದೆ. ಅವುಗಳಲ್ಲಿ ಕೂಡಲೆಯು ಇಂದಿನ ಕೂಡ್ಲು ಆಗಿರಬೇಕು. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಈ ಶಿಲ್ಪವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಯಿತು.

ಎರಡನೆಯದು ಅಷ್ಟು ಅಲಂಕಾರವಿಲ್ಲದ ಕಲ್ಲು. ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿಯು ಬೆಂಗಳೂರ ಕಾಳಗದಲ್ಲಿ ಸತ್ತನೆಂಬುದಷ್ಟೇ ಅದರ ಸಾರ. ಆರ್. ನರಸಿಂಹಾಚಾರ್ಯರು ಇದನ್ನು ಬೆಳಕಿಗೆ ತಂದರು. ಯಾರ ಮೇಲೆ, ಯಾವ ಕಾರಣಕ್ಕೆ ಕಾಳಗ ನಡೆಯಿತೆಂಬುದನ್ನು ಕಲ್ಲು ಹೇಳುವುದಿಲ್ಲ. ಆದರೂ ಬೆಂಗಳೂರೆಂಬ ಹೆಸರಿಗೆ ದೊರೆತಿರುವ ಅತ್ಯಂತ ಪ್ರಾಚೀನ ಲಿಖಿತ ಆಧಾರವೆಂದು ಪ್ರಸಿದ್ಧವಾಗಿರುವುದು ಇದೇ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಕಥೆ ಕೇಳಲು ಸೊಗಸಾಗಿದೆ. ಆದರೆ ಎರಡನೆಯ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಒಡೆಯನಿಗೆ ನಿಂತ ಕಲ್ಲಿನಲ್ಲಿ ಸಿಗದ ಈ ಸಂಗತಿಯನ್ನು ಅವನ ಮನೆಯವನೊಬ್ಬನಿಗೆ ನಿಂತ ಕಲ್ಲು ಉಳಿಸಿಕೊಂಡಿತು.

ಸತ್ತವರನ್ನು ಮರೆಯದಿರುವ ಈ ಗುಣ ಬೇಗೂರಿನಲ್ಲಿ ಯೋಧರಿಗಷ್ಟೇ ಮೀಸಲಾಗಿರಲಿಲ್ಲ. ನಾಗತ್ತರನ ಮಗಳು ತೊಂಡಬ್ಬೆ ಜೈನಧರ್ಮದಂತೆ ಸಮಾಧಿಮರಣವನ್ನು ಪಡೆದುದಕ್ಕೂ ಇಲ್ಲಿ ಶಾಸನವಿದೆ. ಅದೇ ಊರಿನ ಪಂಚಲಿಂಗೇಶ್ವರ ದೇವಾಲಯ ಸಮುಚ್ಚಯದ ಲಿಂಗಗಳ ಹೆಸರುಗಳೂ ವಿಚಾರಾರ್ಹ. ನಾಗೇಶ್ವರನೊಡನೆ ಚೋಳೇಶ್ವರನಿದ್ದಾನೆ, ನಗರೇಶ್ವರ, ಕಾಳಿಕಾಕಮಠೇಶ್ವರರೂ ಇದ್ದಾರೆ. 'ನಗರ'ವೆಂದರೆ ಪ್ರಾಚೀನ ಶಾಸನಗಳ ಪರಿಭಾಷೆಯಲ್ಲಿ ವರ್ತಕರ ಸಂಘ. ಕಾಳಿಕಾಕಮಠೇಶ್ವರನು ಪಾಂಚಾಳರ ದೈವ. ದೊರೆ, ವರ್ತಕ, ಕುಶಲಕರ್ಮಿ ಇವರೆಲ್ಲರ ಭಕ್ತಿ ಒಂದೇ ಪ್ರಾಕಾರದಲ್ಲಿ ನೆಲೆಗೊಂಡಿತೆಂದು ಈ ಹೆಸರುಗಳಿಂದ ಊಹಿಸುವುದು ತಪ್ಪಾಗಲಾರದು.

2007ರಲ್ಲಿ ಮಹಾನಗರ ಪಾಲಿಕೆಯ ಮೇರೆ ವಿಸ್ತರಿಸಿದಾಗ ಬೇಗೂರು ಅದರೊಳಗೆ ಸೇರಿಹೋಯಿತು. ಕೆರೆಯ ಸುತ್ತ ಹೊಲಗಳಿದ್ದೆಡೆ ಬಹುಮಹಡಿಯ ಮನೆಗಳೆದ್ದಿವೆ. ಬುಟ್ಟಣಸೆಟ್ಟಿಯ ಕಲ್ಲು ಮಾತ್ರ ವಸ್ತುಸಂಗ್ರಹಾಲಯಕ್ಕೆ ಹೋಗದೆ, ನಾಗೇಶ್ವರನ ಆವರಣದಲ್ಲಿಯೇ ಉಳಿದಿದೆ.