ಬ್ಯಾಕಪ್ ಮರುಸ್ಥಾಪನೆ: ಒಡೆತನ ಮತ್ತು ಅನುಮತಿ

ಡೇಟಾಬೇಸಿನ ಬ್ಯಾಕಪ್ಪನ್ನು ಬೇರೊಂದು ಸರ್ವರಿಗೆ ಹಾಕಿದಾಗ ಅದರ ಕೋಷ್ಟಕಗಳು ಯಾರ ಒಡೆತನದಲ್ಲಿರಬೇಕು, ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಮತ್ತೆ ಹೊಂದಿಸುವ ಕೆಲಸ. ಪಹಣಿಗಳು ಗಣಕಕ್ಕೆ ಬಂದ ಮೇಲೆ ಕರ್ನಾಟಕದಲ್ಲಿ ಇದು ರೈತನ ಜಮೀನಿನವರೆಗೂ ಬಂದು ಮುಟ್ಟಿತು.

ಮೊದಲು ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. 1964ರ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪೆಂದು ಸಾಬೀತಾಗುವವರೆಗೆ ಅಲ್ಲಿನ ನಮೂದೇ ನಿಜ. ಆದ್ದರಿಂದ ತಿದ್ದುವ ಅಧಿಕಾರ ಯಾರದು ಎಂಬುದು ಸಣ್ಣ ಪ್ರಶ್ನೆಯಲ್ಲ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ 'ಭೂಮಿ' ತಂತ್ರಾಂಶ 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಿಗೆ ಹರಡಿತು. ನಂಜನಗೂಡು, ತಿ. ನರಸೀಪುರಗಳ ರೈತರೂ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯತೊಡಗಿದರು. ಖಾತೆ ಬದಲಾವಣೆಯನ್ನು ದಾಖಲಿಸುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು; ಮುಂದೆ ಯಾರೂ 'ನಾನಲ್ಲ' ಎನ್ನುವಂತಿರಲಿಲ್ಲ. ಯೋಜನೆಯ ಅತ್ಯುತ್ತಮ ಗುಣ ಇದೇ.

ಆರಂಭದಲ್ಲಿ ದತ್ತಾಂಶವಿದ್ದದ್ದು ತಾಲ್ಲೂಕು ಮಟ್ಟದ ಎಸ್‌ಕ್ಯೂಎಲ್ ಸರ್ವರಿನಲ್ಲಿ. ಈ ವ್ಯವಸ್ಥೆಯಲ್ಲಿ ಲಾಗಿನ್‌ಗಳು ಸರ್ವರಿನ 'ಮಾಸ್ಟರ್' ಡೇಟಾಬೇಸಿಗೆ ಸೇರಿದವು, ಬಳಕೆದಾರರು ಆಯಾ ಡೇಟಾಬೇಸಿಗೆ ಸೇರಿದವರು. ಎರಡನ್ನೂ ಬೆಸೆಯುವುದು ಎಸ್‌ಐಡಿ ಎಂಬ ಗುರುತು ಸಂಖ್ಯೆ. ಬ್ಯಾಕಪ್ಪನ್ನು ಹೊಸ ಯಂತ್ರಕ್ಕೆ ಹಾಕಿದರೆ ಬಳಕೆದಾರ ಬರುತ್ತಾನೆ, ಲಾಗಿನ್ ಬರುವುದಿಲ್ಲ. ಅದೇ ಹೆಸರಿನಲ್ಲಿ ಹೊಸ ಲಾಗಿನ್ ಮಾಡಿದರೂ ಎಸ್‌ಐಡಿ ಬೇರೆಯಾದ್ದರಿಂದ ಬಾಗಿಲು ತೆರೆಯದು. ಇಂಥವರನ್ನು 'ಅನಾಥ ಬಳಕೆದಾರರು' ಎನ್ನುತ್ತಾರೆ. ಸಾಲಿನಲ್ಲಿ ಜನ ಕಾಯುತ್ತಿರುವಾಗ ಎಲ್ಲರಿಗೂ ಪೂರ್ಣ ಒಡೆತನ ಕೊಟ್ಟು ಕೆಲಸ ಸಾಗಿಸುವುದು ಸುಲಭದ ದಾರಿ. ಭೂದಾಖಲೆಯ ಮಟ್ಟಿಗೆ ಅದು ಅಕ್ಷಮ್ಯ: ಕೋಷ್ಟಕವನ್ನು ನೇರವಾಗಿ ತಿದ್ದಬಲ್ಲವನಿಗೆ ಬೆರಳಚ್ಚಿನ ತಡೆಯೇ ಇಲ್ಲ.

ಎಸ್‌ಐಡಿಯನ್ನು ಮತ್ತೆ ಹೊಂದಿಸಲು ಮೊದಲು ಪ್ರತ್ಯೇಕ ಆಜ್ಞೆಯೊಂದಿತ್ತು. ಎಸ್‌ಕ್ಯೂಎಲ್ ಸರ್ವರಿನ 2005ರ ಆವೃತ್ತಿಯ ಕಾಲದಲ್ಲಿ ಅದು 'ಆಲ್ಟರ್ ಯೂಸರ್' ಆಜ್ಞೆಯೊಳಗೇ ಸೇರಿತು. 2012ರ ಆವೃತ್ತಿ ಬಳಕೆದಾರನ ಗುರುತನ್ನು ಡೇಟಾಬೇಸಿನೊಳಗೇ ಇಡಲು ಅವಕಾಶ ಕೊಟ್ಟಿತು. ಇನ್ನೊಂದು ಡೇಟಾಬೇಸ್ ವ್ಯವಸ್ಥೆಯಾದ ಪೋಸ್ಟ್‌ಗ್ರೆಸ್‌ಕ್ಯೂಎಲ್ 2005ರಲ್ಲಿ ಬಳಕೆದಾರ, ಗುಂಪು ಎರಡನ್ನೂ 'ರೋಲ್' ಎಂದು ಒಂದುಗೂಡಿಸಿತು. ಅಲ್ಲಿಯೂ ರೋಲ್‌ಗಳು ಒಂದೇ ಡೇಟಾಬೇಸಿನ ಬ್ಯಾಕಪ್ಪಿನಲ್ಲಿ ಸೇರುವುದಿಲ್ಲ, 'ಪಿಜಿ ಡಂಪ್‌ಆಲ್' ಮೂಲಕ ಬೇರೆಯಾಗಿ ತೆಗೆಯಬೇಕು. 'ನೋ ಓನರ್' ಆಯ್ಕೆ ಬಳಸಿದರೆ ಮರುಸ್ಥಾಪಿಸಿದವನೇ ಎಲ್ಲದರ ಒಡೆಯನಾಗುತ್ತಾನೆ. ಪ್ರಯೋಗದ ಯಂತ್ರಕ್ಕೆ ಅದು ಅನುಕೂಲ. ನಿಜವಾದ ಪಹಣಿ ಇರುವ ಯಂತ್ರದಲ್ಲಾದರೆ ಲಾಗಿನ್‌ಗಳ ಪ್ರತಿಯನ್ನು ಎಸ್‌ಐಡಿ ಸಮೇತ ಬ್ಯಾಕಪ್ಪಿನ ಜೊತೆಗೇ ಇಟ್ಟು, ಪ್ರತಿಯೊಬ್ಬರ ಅನುಮತಿಯನ್ನೂ ಪರಿಶೀಲಿಸಿದ ಮೇಲಷ್ಟೇ ಕೌಂಟರ್ ತೆರೆಯಬೇಕು.