ಝಡ್-ಇಂಡೆಕ್ಸ್

ಝಡ್-ಇಂಡೆಕ್ಸ್ ಎಂಬುದು ಜಾಲಪುಟಗಳ ವಿನ್ಯಾಸಕ್ಕೆ ಬಳಸುವ ಸಿಎಸ್‌ಎಸ್ ಭಾಷೆಯ ಒಂದು ಗುಣ. ಪುಟದ ಒಂದೇ ಜಾಗದಲ್ಲಿ ಎರಡು ಘಟಕಗಳು ಒಂದರ ಮೇಲೊಂದು ಬಂದಾಗ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಇದು ನಿರ್ಧರಿಸುತ್ತದೆ. ಎಕ್ಸ್ ಮತ್ತು ವೈ ಅಕ್ಷಗಳು ಅಗಲ-ಎತ್ತರಗಳನ್ನು ಸೂಚಿಸಿದರೆ, ಝಡ್ ಅಕ್ಷವು ಪರದೆಯಿಂದ ನೋಡುಗರ ಕಡೆಗೆ ಸಾಗುವ ದಿಕ್ಕನ್ನು ಸೂಚಿಸುತ್ತದೆ. ಹೆಸರಿನ ಮೂಲ ಅದೇ. 1998ರ ಮೇ ತಿಂಗಳಲ್ಲಿ ಶಿಫಾರಸಾಗಿ ಪ್ರಕಟವಾದ ಸಿಎಸ್‌ಎಸ್ 2ರಲ್ಲಿ ಇದು ಸೇರಿದೆ.

ಕಾರ್ಯವಿಧಾನ

ಈ ಗುಣದ ಮೌಲ್ಯ ಒಂದು ಪೂರ್ಣಾಂಕ, ಋಣಸಂಖ್ಯೆಯೂ ಆಗಬಹುದು. ಏನನ್ನೂ ಸೂಚಿಸದಿದ್ದರೆ 'ಆಟೋ' ಎಂದು ಪರಿಗಣಿಸಲಾಗುತ್ತದೆ. 'ಪೊಸಿಷನ್' ಗುಣವು 'ಸ್ಟ್ಯಾಟಿಕ್' ಎಂಬ ಮೂಲಸ್ಥಿತಿಯಲ್ಲೇ ಇರುವ ಘಟಕಕ್ಕೆ ಎಷ್ಟು ದೊಡ್ಡ ಸಂಖ್ಯೆ ಕೊಟ್ಟರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಫ್ಲೆಕ್ಸ್ ಮತ್ತು ಗ್ರಿಡ್ ವಿನ್ಯಾಸಗಳ ನೇರ ಮಕ್ಕಳು ಮಾತ್ರ ಇದಕ್ಕೆ ಅಪವಾದ.

ಗೊಂದಲಕ್ಕೆ ನಿಜವಾದ ಕಾರಣ 'ಸ್ಟ್ಯಾಕಿಂಗ್ ಕಾಂಟೆಕ್ಸ್ಟ್', ಅಂದರೆ ಪದರಗಳ ಕಟ್ಟು. ಕಚೇರಿಯ ಮೇಜಿನ ಮೇಲೆ ಎರಡು ಕಡತದ ಕಟ್ಟುಗಳನ್ನು ಒಂದರ ಮೇಲೊಂದು ಇರಿಸಿದರೆ, ಕೆಳಗಿನ ಕಟ್ಟಿನ ಮೊದಲ ಹಾಳೆಯೂ ಮೇಲಿನ ಕಟ್ಟಿನ ಕೊನೆಯ ಹಾಳೆಗಿಂತ ಕೆಳಗೇ ಇರುತ್ತದೆ. ಪುಟದ ತಲೆಪಟ್ಟಿಗೆ 1, ಅದರೊಳಗಿನ ಇಳಿಪಟ್ಟಿಗೆ 9999, ಮುಖ್ಯ ಭಾಗಕ್ಕೆ 2 ಎಂದು ಕೊಟ್ಟರೆ ಇಳಿಪಟ್ಟಿಯು ಮುಖ್ಯ ಭಾಗದ ಹಿಂದೆ ಮರೆಯಾಗುವುದು ಈ ಕಾರಣಕ್ಕೆ. 9999 ಎಂಬುದು ತಲೆಪಟ್ಟಿಯ ಕಟ್ಟಿನೊಳಗಷ್ಟೇ ಅನ್ವಯಿಸುತ್ತದೆ. ಇದನ್ನರಿಯದೆ ಸೊನ್ನೆಗಳನ್ನು ಸೇರಿಸುತ್ತ ಹೋಗುವುದು ವ್ಯರ್ಥ ಶ್ರಮ.

ಝಡ್-ಇಂಡೆಕ್ಸ್ ಬರೆಯದಿದ್ದರೂ ಇಂಥ ಕಟ್ಟು ಹುಟ್ಟಿಕೊಳ್ಳಬಹುದು. 'ಒಪಾಸಿಟಿ' 1ಕ್ಕಿಂತ ಕಡಿಮೆಯಾದಾಗ, 'ಟ್ರಾನ್ಸ್‌ಫಾರ್ಮ್' ಅಥವಾ 'ಫಿಲ್ಟರ್' ಬಳಸಿದಾಗ, 'ಪೊಸಿಷನ್' ಗುಣಕ್ಕೆ 'ಫಿಕ್ಸೆಡ್' ಇಲ್ಲವೆ 'ಸ್ಟಿಕಿ' ಎಂದು ಕೊಟ್ಟಾಗ ಹೊಸ ಕಟ್ಟು ಆರಂಭವಾಗುತ್ತದೆ. ಅಂದಕ್ಕೆಂದು ಸೇರಿಸಿದ ಒಂದು ಚಲನಚಿತ್ರಣ, ಅದುವರೆಗೆ ಸರಿಯಾಗಿದ್ದ ಇಳಿಪಟ್ಟಿಯನ್ನು ಮರೆಮಾಡುವುದು ಹೀಗೆ.

ಕಾಣಿಸದ ಘಟಕದ ಪರಿಶೀಲನೆ

ಕಾಣಿಸದ ಘಟಕಗಳೆಲ್ಲವೂ ಝಡ್-ಇಂಡೆಕ್ಸ್‌ನ ದೋಷದಿಂದಲೇ ಮರೆಯಾಗಿರುವುದಿಲ್ಲ. ಆದ್ದರಿಂದ ಮೊದಲು ಬ್ರೌಸರಿನ ಪರಿಶೀಲನಾ ಸಾಧನದಲ್ಲಿ ಆ ಘಟಕ ಪುಟದ ರಚನೆಯಲ್ಲಿ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ದೋಷ ಜಾವಾಸ್ಕ್ರಿಪ್ಟ್‌ನಲ್ಲೋ ಸರ್ವರ್ ಕಳುಹಿಸಿದ ಪುಟದಲ್ಲೋ ಇದೆ, ವಿನ್ಯಾಸದಲ್ಲಲ್ಲ. ಇದ್ದರೆ ಅದರ ಅಳತೆ ಸೊನ್ನೆಯಾಗಿದೆಯೇ, 'ಡಿಸ್‌ಪ್ಲೇ' ಗುಣದ ಮೌಲ್ಯ 'ನನ್' ಆಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಘಟಕವು ತುಂಡಾಗಿ ಕಂಡರೆ ಯಾವುದೋ ಪೂರ್ವಜ ಘಟಕದ 'ಓವರ್‌ಫ್ಲೋ' ಗುಣ ಅದನ್ನು ಕತ್ತರಿಸುತ್ತಿರಬಹುದು. ಝಡ್-ಇಂಡೆಕ್ಸ್ ಹೆಚ್ಚಿಸುವುದರಿಂದ ಇದಕ್ಕೆ ಪರಿಹಾರ ದೊರೆಯದು. ಇವೆಲ್ಲ ಸರಿಯಿದ್ದರೆ ಮಾತ್ರ ಪೂರ್ವಜರನ್ನು ಒಂದೊಂದಾಗಿ ಮೇಲಕ್ಕೆ ನೋಡುತ್ತ ಹೋಗಿ, ಪದರಗಳ ಕಟ್ಟು ಎಲ್ಲಿ ಆರಂಭವಾಯಿತೆಂದು ಪತ್ತೆಹಚ್ಚಬೇಕು.

ಋಣಸಂಖ್ಯೆಯ ತೊಡಕು ಬೇರೆ ಬಗೆಯದು. -1 ಪಡೆದ ಘಟಕವು, ತನ್ನ ತಾಯಿ ಘಟಕ ಸ್ವತಃ ಒಂದು ಕಟ್ಟಾಗಿರದಿದ್ದರೆ, ಅದರ ಹಿನ್ನೆಲೆ ಬಣ್ಣದ ಹಿಂದೆ ಸರಿದು ಪೂರ್ಣವಾಗಿ ಮಾಯವಾಗುತ್ತದೆ. ತಾಯಿ ಘಟಕಕ್ಕೆ 'ಐಸೊಲೇಷನ್: ಐಸೊಲೇಟ್' ಎಂದು ಬರೆದರೆ ಸಾಕು.

ಬ್ರೌಸರುಗಳು

ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಆಯ್ಕೆಪಟ್ಟಿಗಳು ಯಾವ ಸಂಖ್ಯೆಗೂ ಮಣಿಯದೆ ಉಳಿದ ಘಟಕಗಳ ಮೇಲೆಯೇ ಕಾಣಿಸಿಕೊಳ್ಳುತ್ತಿದ್ದವು. ಅವುಗಳನ್ನು ಮುಚ್ಚಲು ವಿನ್ಯಾಸಕಾರರು ಖಾಲಿ ಐಫ್ರೇಮ್ ಒಂದನ್ನು ಅಡ್ಡವಿರಿಸುತ್ತಿದ್ದರು. 2006ರಲ್ಲಿ ಬಂದ 7ನೆಯ ಆವೃತ್ತಿಯಲ್ಲಿ ಇದು ಸರಿಹೋಯಿತು. ಇಂದಿನ ಬ್ರೌಸರುಗಳಲ್ಲಿ ಎಲ್ಲ ಕಟ್ಟುಗಳಿಗೂ ಮೇಲಿರುವ 'ಟಾಪ್ ಲೇಯರ್' ಇದೆ. 'ಡೈಲಾಗ್' ಘಟಕವನ್ನು ಮೋಡಲ್ ಆಗಿ ತೆರೆದಾಗ ಅದು ಅಲ್ಲಿಗೆ ಸೇರುತ್ತದೆ, ಝಡ್-ಇಂಡೆಕ್ಸ್ ಬೇಕಾಗುವುದಿಲ್ಲ. ಕ್ರೋಮ್‌ನಲ್ಲಿ ಮೊದಲೇ ಇದ್ದ ಈ ಘಟಕವು 2022ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 98 ಮತ್ತು ಸಫಾರಿ 15.4ಕ್ಕೂ ಬಂತು.

ಬಳಕೆದಾರರ ಮೇಲಿನ ಪರಿಣಾಮ

ಮರೆಯಾದ ಘಟಕವು ಪುಟದ ರಚನೆಯಲ್ಲಿ ಉಳಿದೇ ಇರುವುದರಿಂದ, ಪರದೆ ಓದುವ ತಂತ್ರಾಂಶ ಅದನ್ನು ಎಂದಿನಂತೆ ಓದುತ್ತದೆ; ಕಣ್ಣಿನಿಂದ ನೋಡುವವರಿಗೆ ಮಾತ್ರ ಅದು ಇಲ್ಲ. ತದ್ವಿರುದ್ಧವಾಗಿ, ಪಾರದರ್ಶಕ ಪದರವೊಂದು ಮೇಲೆ ಬಂದರೆ ಗುಂಡಿ ಕಾಣುತ್ತದೆ, ಒತ್ತಿದರೆ ಏನೂ ಆಗದು. ಅರ್ಜಿ ಸಲ್ಲಿಸುವ ಅಥವಾ ಹಣ ಪಾವತಿಸುವ ಪುಟದಲ್ಲಿ ಹೀಗಾದರೆ ತಪ್ಪು ತನ್ನದೇ ಎಂದು ಬಳಕೆದಾರ ಭಾವಿಸುವುದೇ ಹೆಚ್ಚು. ಮೌಸ್ ಬಳಸಲಾಗದೆ ಕೀಲಿಮಣೆಯನ್ನೇ ನೆಚ್ಚಿಕೊಂಡವರಿಗೆ, ಸದಾ ಮೇಲೆ ನಿಲ್ಲುವ ತಲೆಪಟ್ಟಿಯ ಕೆಳಗೆ ಹೊಕ್ಕ ಕೊಂಡಿ ಎಲ್ಲಿದೆಯೆಂದೇ ತಿಳಿಯುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯ 2.4.11ನೆಯ ನಿಯಮದ ಪ್ರಕಾರ, ಕೀಲಿಮಣೆಯ ಗಮನ ಪಡೆದ ಘಟಕವನ್ನು ಪುಟದ ಬೇರೆ ಭಾಗಗಳು ಪೂರ್ತಿಯಾಗಿ ಮುಚ್ಚುವಂತಿಲ್ಲ.