ನಿಸ್ತಂತು ಜಾಲದಲ್ಲಿ ಪ್ಯಾಕೆಟ್ ನಷ್ಟ

ಅಂತರಜಾಲದಲ್ಲಿ ದತ್ತಾಂಶವನ್ನು ಕ್ರಮ ತಪ್ಪದೆ ಮುಟ್ಟಿಸುವ ಹೊಣೆ ಬಹುಕಾಲದಿಂದ ಟಿಸಿಪಿಯದು. ಪ್ಯಾಕೆಟ್ ಕಳೆದರೆ ಅದನ್ನು ಮತ್ತೆ ಕಳಿಸುವುದಲ್ಲದೆ, ಜಾಲದಲ್ಲಿ ದಟ್ಟಣೆಯಾಗಿದೆ ಎಂದು ಬಗೆದು ಟಿಸಿಪಿ ತನ್ನ ವೇಗವನ್ನೂ ತಗ್ಗಿಸುತ್ತದೆ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೆಕೆಂಡಿಗೆ 32 ಕಿಲೋಬಿಟ್ ಸಾಗುತ್ತಿದ್ದ ಮಾರ್ಗ ದಟ್ಟಣೆಯಿಂದ 40 ಬಿಟ್‌ಗೆ ಕುಸಿಯಿತು. ಅದಕ್ಕೆ ಪರಿಹಾರವಾಗಿ ವ್ಯಾನ್ ಜೇಕಬ್‌ಸನ್ 1988ರಲ್ಲಿ ವಿವರಿಸಿದ್ದೇ ಈ ವೇಗ ತಗ್ಗಿಸುವ ಕ್ರಮ. ತಂತಿಜಾಲದಲ್ಲಿ ಪ್ಯಾಕೆಟ್ ಕಳೆಯುವುದು ಹೆಚ್ಚಾಗಿ ರೌಟರಿನ ಬಫರ್ ತುಂಬಿದಾಗ, ಹಾಗಾಗಿ ಅಲ್ಲಿ ಈ ಊಹೆ ಸಲ್ಲುತ್ತದೆ. ರೇಡಿಯೋ ಕೊಂಡಿಯಲ್ಲಾದರೋ ಸಂಕೇತ ಕ್ಷೀಣಿಸಿದರೂ ಪ್ಯಾಕೆಟ್ ಕೆಡುತ್ತದೆ. ಆಗ ದಾರಿ ತೆರವಾಗಿದ್ದರೂ ಟಿಸಿಪಿ ನಿಧಾನಿಸುತ್ತದೆ.

ನಿಜವಾದ ನಷ್ಟ ವೇಗ ತಗ್ಗಿಸುವುದರಿಂದಲೋ, ಸುಮ್ಮನೆ ಕಾಯುವುದರಿಂದಲೋ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ (2014ರಿಂದ 2020ರವರೆಗೆ ಸಂಸ್ಥೆಯ ನಿರ್ದೇಶಕರು) 1998ರಲ್ಲಿ ಪ್ರಕಟಿಸಿದ ಗಣಿತೀಯ ವಿಶ್ಲೇಷಣೆ, ಸ್ಥಳೀಯ ಜಾಲದ ಮಟ್ಟಿಗೆ, ಕಾಯುವಿಕೆಯತ್ತ ಬೆರಳು ಮಾಡಿತು. ಒಂದು ಪ್ಯಾಕೆಟ್ ತಪ್ಪಿ ಅದರ ನಂತರದವು ತಲುಪಿದರೆ, ಸ್ವೀಕರಿಸುವ ಕಡೆಯಿಂದ ಒಂದೇ ಸ್ವೀಕೃತಿ ಮತ್ತೆ ಮತ್ತೆ ಬರುತ್ತದೆ. ಅಂಥ ಮೂರು ನಕಲು ಸ್ವೀಕೃತಿ ಸಿಕ್ಕರೆ ಮರುರವಾನೆ ತಡವಿಲ್ಲದೆ ನಡೆಯುತ್ತದೆ. ಆದರೆ ನಷ್ಟ ಪದೇ ಪದೇ ಆದಾಗ ಕಿಟಕಿ (ಸ್ವೀಕೃತಿಗೆ ಕಾಯದೆ ಕಳಿಸಬಹುದಾದ ಮೊತ್ತ) ಕುಗ್ಗುತ್ತದೆ, ಮೂರು ನಕಲು ಹುಟ್ಟುವಷ್ಟು ಪ್ಯಾಕೆಟ್ಟುಗಳೇ ದಾರಿಯಲ್ಲಿ ಇರುವುದಿಲ್ಲ. ಆಗ ಟೈಮರ್ ಮುಗಿಯುವ ತನಕ ಕಾಯದೆ ಗತಿಯಿಲ್ಲ. ಬಿಎಸ್‌ಡಿ ಮೂಲದ ಹಳೆಯ ತಂತ್ರಾಂಶಗಳಲ್ಲಿ ಟೈಮರು 500 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಿ ಓಡುತ್ತಿತ್ತು. ಕೆಲವೇ ಮಿಲಿಸೆಕೆಂಡಿನಲ್ಲಿ ಹೋಗಿಬರಬಹುದಾದ ಜಾಲದಲ್ಲಿ ಅದು ಬಲು ದೀರ್ಘ ಮೌನ. ನಷ್ಟದ ಸಂಭವನೀಯತೆ ಹೆಚ್ಚಿದಾಗ, ಸುಧಾರಿತವೆನಿಸಿದ್ದ ಟಿಸಿಪಿಯ ರೆನೊ ಆವೃತ್ತಿ ಹಿಂದಿನ ತಾಹೋಗಿಂತ ಮೇಲಾಗದೆ ಕೆಲವೊಮ್ಮೆ ಹಿಂದೆಬೀಳುತ್ತದೆ ಎಂಬುದೂ ಅಲ್ಲಿ ತಿಳಿದುಬಂತು. ಒಂದೇ ಕಿಟಕಿಯಲ್ಲಿ ಹಲವು ಪ್ಯಾಕೆಟ್ ಕಳೆದರೆ ರೆನೊ ಮೊದಲನೆಯದು ತಲುಪಿದೊಡನೆ ಚೇತರಿಕೆ ಮುಗಿಯಿತೆಂದು ಎಣಿಸುತ್ತದೆ. ಅದರ ಮುಂದಿನ ಆವೃತ್ತಿ ನ್ಯೂರೆನೊ ಎಲ್ಲವೂ ತಲುಪುವವರೆಗೆ ಬಿಡುವುದಿಲ್ಲ, ಅದರ ಫಲ ಗಣನೀಯ. ನಕಲುಗಳ ಮಿತಿಯನ್ನು ಮೂರರಿಂದ ಒಂದಕ್ಕೆ ಇಳಿಸಿದರೂ ಲಾಭ ದೊಡ್ಡದೇ. ಆದರೆ ಹಲವು ದಾರಿಗಳುಳ್ಳ ವಿಶಾಲ ಜಾಲದಲ್ಲಿ ಹಿಂದುಮುಂದಾಗಿ ಬಂದ ಪ್ಯಾಕೆಟ್ಟೂ ಕಳೆದಂತೆ ಕಾಣುವ ಅಪಾಯವಿದೆ.

ಬೇರೆ ಪರಿಹಾರಗಳಲ್ಲಿ ಕೆಲವು ಕೊಂಡಿಯಲ್ಲೇ ನೆಲೆಸಿವೆ. 1995ರ ಸ್ನೂಪ್ ವಿಧಾನದಲ್ಲಿ ಬೇಸ್ ಸ್ಟೇಷನ್ನೇ ಪ್ಯಾಕೆಟ್ಟಿನ ಪ್ರತಿ ಇಟ್ಟುಕೊಂಡು ಮತ್ತೆ ಕಳಿಸುತ್ತಿತ್ತು. ಇಂದಿನ ವೈಫೈ, 4ಜಿ ಕೊಂಡಿಗಳು ತಾವೇ ಮರುಪ್ರಯತ್ನಿಸುವುದರಿಂದ ಟಿಸಿಪಿಗೆ ನಷ್ಟಕ್ಕಿಂತ ವಿಳಂಬದ ಏರುಪೇರೇ ಹೆಚ್ಚಾಗಿ ಕಾಣುತ್ತದೆ. ಗೂಗಲ್ 2016ರಲ್ಲಿ ಪ್ರಕಟಿಸಿದ ಬಿಬಿಆರ್ ಎಂಬ ದಟ್ಟಣೆ ನಿಯಂತ್ರಣ ಕ್ರಮ ನಷ್ಟವನ್ನು ನೆಚ್ಚದೆ ಮಾರ್ಗದ ವೇಗ, ವಿಳಂಬಗಳನ್ನು ಅಳೆಯುತ್ತದೆ. 2021ರಲ್ಲಿ ಮಾನಕವಾದ ಕ್ವಿಕ್ ಎಂಬ ರವಾನೆ ನಿಯಮಾವಳಿ ಪ್ರತಿ ರವಾನೆಗೂ ಹೊಸ ಸಂಖ್ಯೆ ಕೊಟ್ಟು, ಸ್ವೀಕೃತಿ ಬಂದದ್ದು ಯಾವ ಪ್ರಯತ್ನಕ್ಕೆ ಎಂಬ ಗೊಂದಲ ನೀಗಿಸಿದೆ. ಆದರೂ ಪ್ಯಾಕೆಟ್ ಕಳೆಯಿತೆಂದು ತೀರ್ಮಾನಿಸಲು ಅದು ಶಿಫಾರಸು ಮಾಡುವ ಮಿತಿ ಇನ್ನೂ ಮೂರೇ.